ಐದೂವರೆಯ ಬಸ್ಸು

ತೊಂಬತ್ತೊಂದರಲ್ಲಿ, ಹೆಣ್ಣುಮಕ್ಕಳನ್ನು ಕಂಪ್ಯೂಟರ್ ಓದಿಗೆ ಸೇರಿಸಿಕೊಳ್ಳುವುದರಲ್ಲಿ ಪ್ರಿನ್ಸಿಪಾಲ್ ಯೋಗನರಸಿಂಹರನ್ನು ಮೀರಿಸುವವರು ಚಿಕ್ಕಬಳ್ಳಾಪುರದಲ್ಲೇ ಇರಲಿಲ್ಲ. ಸೇರಿದ ದಿನ ಗುಲಾಬಿ, ಕುಂಕುಮ, ಫೋಟೋ. ಆಮೇಲೆ ಆ ಹುಡುಗಿಯರು ಇದ್ದರೇನು, ಬಿಟ್ಟರೇನು! ಲ್ಯಾಬು ಹಗಲೆಲ್ಲ ಹುಡುಗರಿಗೆ. ಹುಡುಗಿಯರಿಗೆ ಸಂಜೆ ಐದರ ಮೇಲೆ. ಹಾಗೆ ಸೇರಿದ್ದ ಪಂಕಜಳ ಊರು ಜಂಗಮಕೋಟೆಗೆ ಕೊನೆಯ ಬಸ್ಸು ಐದೂವರೆಗೆ. ಅರ್ಧ ವರ್ಷ ಕಳೆದರೂ ಅವಳು ನೆಮ್ಮದಿಯಾಗಿ ಕೀಬೋರ್ಡಿನ ಮುಂದೆ ಕೂತಿರಲಿಲ್ಲ. "ಈ ತಿಂಗ್ಳು ನೋಡ್ತೀನಿ ಕಣಮ್ಮ, ಆಮೇಲೆ ಬಿಟ್ಬಿಡು" ಎಂದು ಅಪ್ಪ ಹೇಳಿಯಾಗಿತ್ತು.

ಹೊತ್ತು ಬದಲಾಯಿಸಿ ಎಂದು ಕೇಳಲು ಹೋದರೆ ಪ್ರಿನ್ಸಿಪಾಲರು, "ಮೊದ್ಲು ಹುಡುಗ್ರು ಕಲೀಲಮ್ಮ, ಅವ್ರು ಕೆಲಸಕ್ಕೆ ಹೋಗೋರು" ಎಂದಿದ್ದರು. ಇದೇ ಬಾಯಿ ಮಹಿಳಾ ದಿನದಂದು ಮುಕ್ಕಾಲು ಗಂಟೆ ಭಾಷಣ ಬಿಗಿದಿತ್ತು. ಅವಳಿಗೆ ಥೂ ಎನ್ನಿಸಿತು.

ಸೀಟು ಹೆಚ್ಚಿಸಬಹುದೇ ಎಂದು ನೋಡಲು ಬೆಂಗಳೂರಿನಿಂದ ಸಮಿತಿ ಬಂತು. ಅಷ್ಟರಲ್ಲಿ ಹುಡುಗಿಯರು ಅರ್ಧಕ್ಕರ್ಧ ಬಿಟ್ಟುಹೋಗಿದ್ದರು. ಅದಕ್ಕೇನಂತೆ? ಪ್ರಿನ್ಸಿಪಾಲರು ತಮ್ಮ ಸೊಸೆಯನ್ನೂ ಆಕೆಯ ತಂಗಿಯರನ್ನೂ ಕಂಪ್ಯೂಟರುಗಳ ಮುಂದೆ ಕೂರಿಸಿದರು. ನಿಜವಾಗಿ ಓದುವ ಪಂಕಜಳ ಕೈಗೆ ಬಾಗಿಲಲ್ಲಿ ಆರತಿ ತಟ್ಟೆ!

ಸಮಿತಿಯ ಹಿರಿಯರು ಆರತಿ ಮಾಡಿಸಿಕೊಂಡು ಒಳಗೆ ಹೋಗಿ, "ಏನ್ ಮಾಡ್ತಿದೀಯಮ್ಮ?" ಎಂದು ಸೊಸೆಯನ್ನು ಕೇಳಿದರು. ಆಕೆ ಮಾವನ ಮುಖ ನೋಡಿದಳು. ಮಾವ ಫ್ಯಾನು ನೋಡಿದರು.

"ನಮ್ ಹುಡುಗೀರಿಗೆ ಸಂಕೋಚ ಸಾರ್. ಎಷ್ಟು ಕರೆದ್ರೂ ಲ್ಯಾಬಲ್ಲಿ ನಿಲ್ಲಲ್ಲ" ಎಂದರು ಪ್ರಿನ್ಸಿಪಾಲರು.

ಪಂಕಜಳಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಒಳಗೆ ಬಂದವಳೇ, "ಹಿಡ್ಕೊಳ್ಳಿ ಸಾರ್" ಎಂದು ತಟ್ಟೆಯನ್ನು ಪ್ರಿನ್ಸಿಪಾಲರ ಕೈಗೆ ತುರುಕಿದಳು. "ಅಕ್ಕ, ಸ್ವಲ್ಪ ಏಳಿ" ಎಂದು ಸೊಸೆಯನ್ನು ಎಬ್ಬಿಸಿ ತಾನು ಕೂತಳು.

"ಸಂಕೋಚ ಅಲ್ಲ ಸಾರ್. ನಮಗೆ ಲ್ಯಾಬು ಐದರ ಮೇಲೆ, ನಮ್ಮೂರಿನ ಕೊನೇ ಬಸ್ಸು ಐದೂವರೆಗೆ. ಬಾಗಿಲ ಹೊರಗಡೆ ಬೋರ್ಡಲ್ಲೇ ಬರ್ದಿದೆ, ನೋಡಿ."

ಹಿರಿಯರು ಹೋಗಿ ಓದಿದರು. ಓದಿ, ಪ್ರಿನ್ಸಿಪಾಲರತ್ತ ತಿರುಗಿದರು.

"ನಾಳೇನೇ ಬದಲಾಯಿಸ್ತೀವಿ ಸಾರ್!"

"ನಾಳೆ ಯಾಕೆ ಸಾರ್? ಚಾಕ್‌ಪೀಸು ಅಲ್ಲೇ ಇದೆ" ಎಂದಳು ಪಂಕಜ.

ತಟ್ಟೆ ಇಡಲು ಎಲ್ಲೂ ಜಾಗವಿರಲಿಲ್ಲ. ಯೋಗನರಸಿಂಹರು ಒಂದು ಕೈಯಲ್ಲಿ ಉರಿಯುವ ದೀಪ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಐದನ್ನು ಅಳಿಸಿ ‘ಹುಡುಗಿಯರಿಗೆ ಬೆಳಿಗ್ಗೆ ಹತ್ತರಿಂದ’ ಎಂದು ಬರೆದರು. ಪಂಕಜ ತಿರುಗಿ ನೋಡಲೂ ಇಲ್ಲ. ಅವಳಿಗೆ ಕೆಲಸವಿತ್ತು.