ಬೊಯ್ಚೆಚಕ್ ಈರುಳ್ಳಿಯಲ್ಲ

ಹಳದಿ, ಅಗೋ ಹಳದಿ — ಅಲ್ಲ, ಬಿಸ್ಕತ್ತಿನ ಕಾಗದ, ಥೂ, ಕಲ್ಲಿಗಂಟಿಕೊಂಡು ಬೊಯ್ಚೆಚಕ್ ಹೂವಿನ ಹಾಗೆ ನಟಿಸುತ್ತಿದೆ, ಹಿಮ ಕರಗಿದ ಈ ಇಳಿಜಾರಿನ ತುಂಬ ಗುದ್ದಲಿ ಬಿದ್ದ ಗುಂಡಿಗಳು, ಗುಂಡಿಯ ತುಂಬ ಕೆಸರುನೀರು, ಶೋದಿ ಚಿಕ್ಕಪ್ಪಾ, ನೀನು ಅಪ್ಪನ ತಮ್ಮನಾಗಿರದಿದ್ದರೆ ಈ ಕೆಸರನ್ನೇ ನಿನ್ನ ಮೀಸೆಗೆ ಮೆತ್ತುತ್ತಿದ್ದೆ, ಪಂಜಕೆಂಟಿನ ಬಜಾರಿನಲ್ಲಿ ಈರುಳ್ಳಿ ಮಾರಿ ಮಾರಿ ನಿನಗೆ ನೆಲದಲ್ಲಿರುವುದೆಲ್ಲ ಈರುಳ್ಳಿಯೇ, ಗಡ್ಡೆ ತಾನೆ ಮೊಹಿರಾ, ಎಲ್ಲಿಟ್ರೂ ಮೊಳೆಯುತ್ತೆ, ನನ್ನಮ್ಮ ಮಲಗಿದಲ್ಲಿಂದಲೇ ದಿನಾ ನೋಡ್ಕೊಂಡಿರ್ಲಿ ಅಂತ ಅಗೆದು ತಂದ್ಬಿಟ್ಟೆ — ಅಂತ ಚಿಕ್ಕಪ್ಪ ಹಲ್ಲು ಕಿರಿಯುತ್ತ ತಪ್ಪಲೆ ತುಂಬ ತಂದು ಒಲೆಯ ಪಕ್ಕ ಇಟ್ಟ, ಒಲೆಯ ಪಕ್ಕ! ಹಿಮದ ಅಂಚಿನಲ್ಲಿ ಬದುಕುವುದನ್ನು! ಸಂಜೆಗೆ ಹುಲ್ಲೆಳೆಯಂಥ ಎಲೆಗಳೆಲ್ಲ ಬೆಂದ ಸೊಪ್ಪು, ಕಂದು ಸಿಪ್ಪೆಯ ಗಡ್ಡೆಗಳು ಸೀಳಿ ಹೋಗಿ, ಬುಡಕ್ಕಂಟಿದ ಅಕ್ಕಿಕಾಳಿನಷ್ಟು ಮರಿಗಡ್ಡೆಗಳೂ ಉದುರಿ, ಅವು ಹೂ ಬಿಡಲು ಇನ್ನೂ ವರ್ಷಗಳೇ ಬೇಕಿತ್ತು, ಮತ್ತು ಬೀಬಿ, ನನ್ನ ಅಜ್ಜಿ, ಚಳಿಗಾಲವಿಡೀ ಹಾಸಿಗೆ ಬಿಟ್ಟೇಳದವಳು, ರೆಪ್ಪೆ ಮುಚ್ಚಿ ಮುಖ ಒಡ್ಡಿದ್ದಳು, ಪ್ರತಿ ವಸಂತದಲ್ಲೂ ಹಾಗೆಯೇ, ಊರ ಮಕ್ಕಳು ಮೊದಲ ಬೊಯ್ಚೆಚಕ್ ಹಿಡಿದು ಹಾಡುತ್ತ ಮನೆಮನೆಗೆ ಬಂದಾಗ ಅದನ್ನು ರೆಪ್ಪೆಗೊತ್ತಿಕೊಂಡು, ನೋಡಿ, ಈ ಚಳಿಗಾಲವನ್ನೂ ದಾಟ್ಬಿಟ್ಟೆ ಅನ್ನುತ್ತಾಳೆ, ಈ ಸಲ ಬೆರಳಿಗೆ ಗಡ್ಡೆ ತಗುಲಿತು. ಬೇರು ಸಮೇತ ಕಿತ್ಬಿಟ್ರಾ? ಸತ್ತಿದ್ದನ್ನ ಕಣ್ಣಿಗೊತ್ಕೊಳ್ಳಲಾ? ಹಾಗಿದ್ರೆ ನನ್ನ ವಸಂತ ಮುಗೀತು ಬಿಡಿ. ಗೋಡೆಗೆ ತಿರುಗಿದವಳು ಶಿರ್ಚಾಯ್ ಮುಟ್ಟಿಲ್ಲ, ಉಪ್ಪು ಹಾಕಿದ ಹಾಲಿನ ಚಹಾದಲ್ಲಿ ನಾನು ಮುರಿದು ಹಾಕಿದ ರೊಟ್ಟಿ ಉಬ್ಬಿ ಕೂತಿದೆ, ಉಗುರಲ್ಲಿ ಚಿವುಟಬೇಕು ಕಣೇ, ಗಡ್ಡೆ ನೆಲದ್ದು, ಹೂವಷ್ಟೇ ನಮ್ದು, ಅಂತ ಅವಳೇ ಕಲಿಸಿದ್ದು, ಚಿಕ್ಕಪ್ಪನಿಗೂ ಕಲಿಸಿರಬೇಕಲ್ಲ, ಪ್ರೀತಿಯಿಂದ ಅಗೆದನಂತೆ, ಪ್ರೀತಿಗೆ ಗುದ್ದಲಿ ಯಾಕೆ?

ಮೋಡ ಇನ್ನೂ ದಟ್ಟವಾಯಿತು, ಕಾಲು ಜಾರಿತು, ಮಂಡಿ ಕೆಸರಲ್ಲಿ — ಹುಲ್ಲು, ಹುಲ್ಲು, ಇದು ಹುಲ್ಲಲ್ಲ, ಬೆರಳುದ್ದದ ತೊಟ್ಟು, ತುದಿಯಲ್ಲಿ ಮುಚ್ಚಿದ ಹಸಿರು ರೆಪ್ಪೆ — ಅಯ್ಯೋ ನನ್ನ ಮಂಕುಬುದ್ಧಿಯೇ, ಆರೆಸಳೂ ಹೊರಗೆ ಹಸಿರು, ಒಳಗೆ ಮಾತ್ರ ಹಳದಿ, ಬಿಸಿಲಿಲ್ಲದೆ ತೆರೆಯುವುದಿಲ್ಲ, ಇಷ್ಟು ಹೊತ್ತು ಮೋಡದಲ್ಲಿ ಹಳದಿ ಹುಡುಕುತ್ತಿದ್ದೆನಲ್ಲ! ಒಂದೇ ಒಂದು. ಉಗುರು ತೊಟ್ಟಿನ ಮೇಲೆ. ಚಿವುಟಿದರೆ ಬೀಬಿಗೆ ಹೂವು, ಚಿವುಟಿದರೆ ಬೀಜ ಕಟ್ಟುವುದಿಲ್ಲ, ಗುಡ್ಡಕ್ಕೆ ಉಳಿದದ್ದು ಇದೊಂದೇ — ಇಲ್ಲ, ಚಿವುಟುವುದಿಲ್ಲ, ಚಿಕ್ಕಪ್ಪಾ, ತಪ್ಪಲೆ ಹೊತ್ತ ಬೆನ್ನಿದೆಯಲ್ಲ ನಿನಗೆ, ನಾಳೆ ಬಿಸಿಲು ಬೀಳಲಿ, ಅದೇ ಬೆನ್ನ ಮೇಲೆ ಹೊತ್ತು ತಾ ನಿನ್ನ ಅಮ್ಮನನ್ನು, ನಾನೇನು ಕತ್ತೆಯೇನೇ ಅಂತೀಯಾ, ಹೌದು, ಕತ್ತೆಯೇ, ಹತ್ತು! ಇಲ್ಲಿ ಮಲಗಿಸು, ಕೆನ್ನೆಗೆ ಕೆಸರಾದರೆ ಆಗಲಿ, ಹೂವು ತನ್ನ ಗಡ್ಡೆಯ ಮೇಲೇ ನಿಂತು ಅವಳ ರೆಪ್ಪೆ ಮುಟ್ಟಲಿ — ನಾಳೆಯವರೆಗೆ ಇರುತ್ತಾಳಾ, ಇರಬೇಕು, ಇರಲೇಬೇಕು, ಉಗುರು ತೆಗೆದೆ, ತೊಟ್ಟು ಅಲುಗಿತು, ಮೊಗ್ಗು ತೆರೆಯಲಿಲ್ಲ, ಗೋಡೆ ಕಡೆಗೆ ತಿರುಗಿದ ಆ ರೆಪ್ಪೆ, ಗಾಳಿಯಲ್ಲಿ ಈ ರೆಪ್ಪೆ, ಮುಚ್ಚಿದ ಹಸಿರು ರೆಪ್ಪೆ —