ಹಂದಿತಲೆ ಹೊತ್ತವರು ಹಿಂದಿರುಗಿದರು

ವರ್ಷದ ಮೊದಲ ತಿಂಗಳು ಬಂತೆಂದರೆ ಕೊರಿಯಾದ ನಮ್ಮ ಕಾಂಗ್ವಾನ್ ಸೀಮೆಯ ಚಾರಣ ಸಂಘಗಳಿಗೆಲ್ಲ ಒಂದೇ ಗಡಿಬಿಡಿ. ಬೇಯಿಸಿದ ಹಂದಿತಲೆ, ಅಕ್ಕಿ ಕಡುಬು, ಮಕ್ಕೊಲಿ ಹೆಂಡ ಹೊತ್ತು ಬೆಟ್ಟದ ತುದಿಗೆ ಹೋಗಬೇಕು. ವರ್ಷವಿಡೀ ಯಾರ ಕಾಲೂ ಜಾರದಿರಲಿ ಎಂದು ಬೆಟ್ಟದೊಡೆಯನಿಗೆ ಅಡ್ಡಬೀಳಬೇಕು.

ಆ ಭಾನುವಾರ ಸಂಘದ ಅಧ್ಯಕ್ಷ ಬಾಂಗ್ ಚಿಲ್‌ಸಾಂಗ್ ಹಂದಿತಲೆಯನ್ನು ತಾನೇ ಬೆನ್ನಿಗೇರಿಸಿಕೊಂಡು ಮುಂದೆ ನಡೆದಿದ್ದ. ಸಾಲಿನ ಕೊನೆಯಲ್ಲಿ ಅವನ ಮಂಡಿನೋವಿನ ಹೆಂಡತಿ ಮಲ್‌ಸುನ್. ಅವಳ ಪಕ್ಕ ಗೆಳತಿ ಇಂಜಾ. ಬೆಟ್ಟದ ರಕ್ಷಣಾ ತಂಡದಲ್ಲಿ ತರಬೇತಿ ಪಡೆದವಳು. ಕಣಿವೆ ದಾಟುತ್ತಲೇ ಮಂಜು ಕವಿಯಿತು. ಹಿಮ ಅಡ್ಡಡ್ಡ ಬೀಸಿ, ಮುಂದಿದ್ದವರ ಬೆನ್ನೂ ಮಸುಕಾಯಿತು.

"ಅಣ್ಣ, ದಾರಿ ತೋರ್ಸೋ ಕಂಬ ಒಂದೂ ಕಾಣ್ತಿಲ್ಲ. ತಿರುಗೋಣ," ಎಂದು ಇಂಜಾ ಕೂಗಿದಳು.

"ಕಂಬ ಯಾಕಮ್ಮ? ಮರಕ್ಕೆ ಬಣ್ಣದ ಪಟ್ಟಿ ಕಟ್ಟಿದಾರಲ್ಲ! ಬೇರೆ ಸಂಘದೋರು ಹೋದ ದಾರಿ ಅದು. ಅದನ್ನೇ ಹಿಡ್ಕೊಂಡು ಹೋದ್ರಾಯ್ತು," ಎಂದ ಚಿಲ್‌ಸಾಂಗ್.

"ಪಟ್ಟಿ ಯಾರು ಬೇಕಾದ್ರೂ ಕಟ್ತಾರಣ್ಣ. ಅಣಬೆ ಕೀಳೋರೂ ತಮ್ಮ ಜಾಗಕ್ಕೆ ಕಟ್ಕೋತಾರೆ."

"ಹಂದಿತಲೆ ಹೊತ್ಕೊಂಡು ಅರ್ಧ ದಾರೀಲಿ ತಿರುಗೋದಾ? ಪಕ್ಕದೂರಿನ ಸಂಘದೋರು ಬಾಯ್ತುಂಬ ನಗ್ತಾರೆ. ನಡೀರಿ!"

ಎಲ್ಲರೂ ಅವನ ಹಿಂದೆಯೇ ಹೆಜ್ಜೆ ಹಾಕಿದರು. ಹಿರಿಯನ ಮಾತು, ಅಧ್ಯಕ್ಷನ ಮಾತು. ನಮ್ಮಲ್ಲಿ ಇದಕ್ಕೆ ಮರ್ಯಾದೆ ಎನ್ನುತ್ತಾರೆ. ನಾನು ಗುಲಾಮಗಿರಿ ಎನ್ನುತ್ತೇನೆ. ಹಿಮಕ್ಕಿಂತ ಮೊದಲು ಮನುಷ್ಯರನ್ನು ಹೆಪ್ಪುಗಟ್ಟಿಸುವುದು ಇದೇ.

ಪಟ್ಟಿಯಿಂದ ಪಟ್ಟಿಗೆ ನಡೆದರು. ಕೊನೆಯ ಪಟ್ಟಿ ಒಂದು ಪೈನ್ ಮರದ ಮೇಲಿತ್ತು. ಆಚೆ ದಾರಿಯೇ ಇಲ್ಲ, ಬರೀ ಬಿಳುಪು. ಚಿಲ್‌ಸಾಂಗ್ ಕೋಲು ಊರಿದ. ಅದಕ್ಕೆ ನೆಲ ಸಿಗಲಿಲ್ಲ. ಅವನು ತಟ್ಟನೆ ಹಿಂದೆ ಸರಿದ.

"ಹಂಗಾದ್ರೆ... ಈ ಕಡೆ ಹಳ್ಳಕ್ಕೆ ಇಳಿಯೋಣ. ಹಳ್ಳ ಊರಿಗೇ ಹೋಗುತ್ತೆ."

"ಹಳ್ಳ ಊರಿಗೆ ಹೋಗುತ್ತಣ್ಣ, ಬಂಡೆ ಮೇಲಿಂದ ಧುಮುಕಿ ಹೋಗುತ್ತೆ. ನಮಗಾಗುತ್ತಾ?" ಎಂದಳು ಇಂಜಾ.

ಆಗ ಮಲ್‌ಸುನ್ ಬಾಯಿ ತೆರೆದಳು. "ಏನ್ರೀ, ನನ್ನ ಬೆರಳು ಮರಗಟ್ಟಿವೆ. ಹಂದಿಗೇನು, ಬೆಂದು ಬಂದಿದೆ, ಚಳಿ ಆಗಲ್ಲ. ನನಗಾಗುತ್ತೆ. ನಾನು ಹಿಂದಕ್ಕೆ ಹೋಗೋಳೇ."

"ನಾನೂ," ಎಂದಿತು ಒಂದು ದನಿ. "ನಾನೂ," ಎಂದಿತು ಇನ್ನೊಂದು.

"ಬೆಟ್ಟದೊಡೆಯ ಮುನಿಸ್ಕೊಂಡ್ರೆ?" ಚಿಲ್‌ಸಾಂಗ್‌ನ ದನಿ ಸಣ್ಣಗಾಗಿತ್ತು.

"ತುದಿ ಮಾತ್ರ ಅವನದಾ? ಬುಡ ಯಾರದ್ದು, ನಿಮ್ಮಪ್ಪಂದಾ?" ಎಂದಳು ಮಲ್‌ಸುನ್.

ಅವನಿಗೇ ನಗು ಬಂತು. ತನ್ನ ಒಣ ಕೈಗವಸು ಬಿಚ್ಚಿ ಹೆಂಡತಿಗೆ ತೊಡಿಸಿದ.

ತಮ್ಮದೇ ಹೆಜ್ಜೆಗುರುತು ಮುಚ್ಚಿಹೋಗುವ ಮೊದಲೇ ತಿರುಗಿದರು. ಈಗ ಮಲ್‌ಸುನ್ ಮುಂದೆ; ಅವಳ ನಡಿಗೆಯೇ ಎಲ್ಲರ ನಡಿಗೆ. ಒಬ್ಬರಿಗೊಬ್ಬರು ಕಾಣುವಷ್ಟೇ ಅಂತರ. ಕಂಬ ಸಿಕ್ಕಿದ ಕೂಡಲೇ ಇಂಜಾ ಅದರ ಮೇಲೆ ಬರೆದಿದ್ದ ಜಾಗದ ನಂಬರು ಹೇಳಿ ರಕ್ಷಣಾ ಠಾಣೆಗೆ ಫೋನು ಮಾಡಿದಳು. ಬುಡದ ತಂಗುಮನೆಯಲ್ಲಿ ಪೂಜೆ ನಡೆಯಿತು. ಅಡ್ಡಬಿದ್ದು ಎದ್ದ ಚಿಲ್‌ಸಾಂಗ್ ಎಲ್ಲರಿಗೂ ಕೇಳುವಂತೆ ಹೇಳಿದ: "ಇನ್ಮೇಲೆ ಸಾಲಿನ ಕೊನೇಲಿರೋರು ನಿಲ್ಲಿ ಅಂದ್ರೆ, ಅಧ್ಯಕ್ಷನೂ ನಿಲ್ಲಬೇಕು."

ಬೆಟ್ಟಕ್ಕೆ ಹೊರಟಿರುವವರೇ, ಮುಂದಿನ ಕಂಬ ಕಾಣದಿದ್ದರೆ ನಿಲ್ಲಿ. ಬಂದ ಹೆಜ್ಜೆಯಲ್ಲೇ ತಿರುಗಿ. ಹೆಜ್ಜೆ ಅಳಿಸಿದ್ದರೆ ಗಾಳಿಗೆ ಮರೆಯಾಗಿ ಒತ್ತಾಗಿ ಕೂತು ಸಹಾಯಕ್ಕೆ ಕರೆ ಮಾಡಿ. ಗೊತ್ತಿಲ್ಲದ ಹಳ್ಳಕ್ಕೆ ಇಳಿಯಬೇಡಿ. ಮುಂದೆ ನಡೆಯುವವರು ಎಷ್ಟೇ ದೊಡ್ಡವರಿರಲಿ, "ತಿರುಗೋಣ" ಎಂದು ಜೋರಾಗಿ ಹೇಳಿ. ಅವರಿಗೆ ಸಿಟ್ಟು ಬಂದರೆ ಬರಲಿ. ಸಿಟ್ಟು ಮಾಡಿಕೊಳ್ಳಲಿಕ್ಕೂ ಜೀವ ಇರಬೇಕು.