ಮಡಿಕೆ ಬಿಡದ ಲಂಗ

ಮಕ್ಕಳ ಯೂನಿಫಾರ್ಮ್ ಹೊಲಿಯುವುದರಲ್ಲಿ ಅಜ್ಜಿ ಎತ್ತಿದ ಕೈ. ಯಾರ ಲಂಗವೇ ಇರಲಿ, ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಚಿ ಹೊಲಿಯುವಳು. "ಮಕ್ಳು ಬೆಳೀತಾವೆ ಕಣಮ್ಮ. ಮುಂದಿನ ವರ್ಷ ತನ್ನಿ, ಮಡಿಕೆ ಬಿಚ್ಚಿ ಇಳಿಸ್ಕೊಡ್ತೀನಿ" ಎಂದು ತಾಯಂದಿರಿಗೆ ಹೇಳುವಳು.

ಇಂಥವಳು ಸ್ವಂತ ಮೊಮ್ಮಗಳ ಲಂಗಕ್ಕೆ ಮಡಿಕೆಯನ್ನೇ ಬಿಡಲಿಲ್ಲ.

ಆಗ ಹುಡುಗಿ ಕಡ್ಡಿಯಂತಿದ್ದಳು. ಎಚ್‌ಐವಿ ತಾಯಿಯಿಂದ ಬಂದದ್ದು, ತಾಯಿ ತೀರಿಕೊಂಡಿದ್ದಳು. ದೊಡ್ಡವರ ಮಾತ್ರೆಯನ್ನೇ ಮುರಿದು, ಅರೆದು ಕುಡಿಸಿದರೆ ಕಹಿಗೆ ಅರ್ಧ ಹೊರಗೇ ಬರುತ್ತಿತ್ತು. ಅಷ್ಟರಲ್ಲಿ ಆಸ್ಪತ್ರೆಗೆ ಮಕ್ಕಳಿಗೆಂದೇ ಮಾಡಿದ ಮಾತ್ರೆ ದಾನವಾಗಿ ಬಂತು. ನೀರಿಗೆ ಹಾಕಿದರೆ ಕರಗುತ್ತದೆ, ಹಣ್ಣಿನ ರುಚಿ.

"ಒಂದು ದಿನಾನೂ ತಪ್ಪಿಸ್ಬೇಡಿ ಅಜ್ಜಿ, ಎಲ್ಲಾ ಮಕ್ಕಳ ಹಾಗೇ ಬೆಳೀತಾಳೆ" ಎಂದಳು ನರ್ಸ್.

ಅಜ್ಜಿ ತಪ್ಪಿಸಲಿಲ್ಲ. ಆದರೆ ನಂಬಿದಳೇ? ಎಲ್ಲಿಯ ನಂಬಿಕೆ! ಕೈ ಮಾತ್ರೆ ಕರಗಿಸುತ್ತಿತ್ತು, ಮನಸ್ಸು ಆಗಲೇ ಕೈಚೆಲ್ಲಿ ಕೂತಿತ್ತು. ಮಗಳನ್ನು ಕಳೆದುಕೊಂಡವಳು, ಮತ್ತೆ ಆಸೆ ಇಟ್ಟುಕೊಳ್ಳಲು ಹೆದರಿದಳು. ಬೆಳೆಯದ ಮಗುವಿಗೆ ಮಡಿಕೆ ಯಾಕೆಂದು ಲಂಗವನ್ನು ಮಂಡಿಯ ಅಳತೆಗೇ ಕತ್ತರಿಸಿದಳು. ಉಳಿದ ನೀಲಿ ಬಟ್ಟೆಯಲ್ಲಿ ದಿಂಬಿಗೊಂದು ಗವಸು ಹೊಲಿದಳು, ಮಹಾರಾಯ್ತಿ.

ಹುಡುಗಿ ಅಜ್ಜಿಯನ್ನು ಕೇಳಿಕೊಂಡು ಬೆಳೆಯಲಿಲ್ಲ. ಹಸಿವು ಬಂತು, ಕೆನ್ನೆ ತುಂಬಿತು, ಬೀದಿಯ ಹುಡುಗರನ್ನು ಅಟ್ಟಿಸಿಕೊಂಡು ಹೋಗುವಷ್ಟು ಕಾಲು ಗಟ್ಟಿಯಾಯಿತು. ಆಸ್ಪತ್ರೆಯ ಗೋಡೆಗೆ ನಿಲ್ಲಿಸಿ ಅಳೆದ ನರ್ಸ್ "ಇನ್ನೇನು ನನ್ನ ಹೆಗಲಿಗೇ ಬರ್ತಾಳೆ!" ಎಂದು ನಕ್ಕಾಗ ಅಜ್ಜಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಮನೆಗೆ ಬಂದವಳೇ ಹುಡುಗಿ ಲಂಗ ತಂದು ಮಷೀನಿನ ಮೇಲೆ ಹಾಕಿದಳು.

"ಅಜ್ಜಿ, ಗಿಡ್ಡ ಆಗೋಯ್ತು. ಮಡಿಕೆ ಬಿಚ್ಕೊಡು."

ಅಜ್ಜಿ ಲಂಗವನ್ನು ಪಕ್ಕಕ್ಕೆ ಸರಿಸಿದಳು. "ಹಳೇದ್ಯಾಕೆ ಪುಟ್ಟಿ? ಹೊಸಾದೇ ಹೊಲಿತೀನಿ."

ಆದರೆ ಹುಡುಗಿ ಮಷೀನಿನ ಬುಡದಲ್ಲೇ ಬೆಳೆದವಳು. ಲಂಗ ತಿರುಗಿಸಿ ನೋಡಿಯೇಬಿಟ್ಟಳು.

"ಇದ್ರಲ್ಲಿ ಮಡಿಕೇನೇ ಇಲ್ವಲ್ಲ!"

"ಬಟ್ಟೆ ಸಾಲ್ಲಿಲ್ಲ ಕಣೇ."

ಹುಡುಗಿ ಮಂಚದ ಮೇಲಿನ ನೀಲಿ ದಿಂಬನ್ನು ನೋಡಿದಳು. ಆಮೇಲೆ ಅಜ್ಜಿಯನ್ನು.

"ಮಕ್ಳು ಬೆಳೀತಾವೆ ಅಂತ ಎಲ್ಲರಿಗೂ ಹೇಳ್ತೀಯ. ನಾನು ಬೆಳೆಯಲ್ಲ ಅಂದ್ಕೊಂಡಿದ್ಯಾ?"

ಅಂದು ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಅಜ್ಜಿ ತನ್ನನ್ನೇ ಬೈದುಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊಸ ಲಂಗಕ್ಕೆ ಒಂದು ಗೇಣು ಮಡಿಕೆ ಬಿಟ್ಟಳು. ಅದು ಭಾರಕ್ಕೆ ಜೋತುಬಿತ್ತು.

ಮಾತ್ರೆಯ ಲೋಟವನ್ನು ಹುಡುಗಿ ಈಗಲೂ ಅಜ್ಜಿಯ ಕೈಯಿಂದ ತೆಗೆದುಕೊಂಡು, ಏನೂ ಕೇಳದೆ ಕುಡಿಯುತ್ತಾಳೆ. ಅಜ್ಜಿ ಹೊಲಿದದ್ದನ್ನು ಮಾತ್ರ ಮೊದಲು ತಿರುಗಿಸಿ, ಮಡಿಕೆಗೆ ಬೆರಳಿಟ್ಟು ಅಳೆದು ನೋಡಿ, ಆಮೇಲೆ ತೊಡುತ್ತಾಳೆ.